ಸಾಕ್ರಟೀಸ್ ಮಾಡಿದ ಸ್ನಾನ

ತತ್ವಜ್ಞಾನ ಅಂದರೆ ಸಾಯುವುದರ ಅಭ್ಯಾಸ ಅಂತ ಸಾಕ್ರಟೀಸ್ ಹೇಳಿದ್ದನ್ನು ಅವನ ಶಿಷ್ಯ ಪ್ಲೇಟೋ ‘ಫೀಡೋ’ ಅನ್ನುವ ಪುಸ್ತಕದಲ್ಲಿ ಬರೆದಿದ್ದಾನೆ. ಕ್ರಿ.ಪೂ. 399, ಅಥೆನ್ಸಿನ ಜೈಲು, ಸಂಜೆಗೆ ವಿಷ ಕುಡಿಯಬೇಕು, ಅಂಥ ದಿನ ಈ ಮನುಷ್ಯ ಗೆಳೆಯರ ಜೊತೆ ಆತ್ಮಕ್ಕೆ ಸಾವಿಲ್ಲ ಅಂತ ವಾದ ಮಾಡುತ್ತಾ ಕೂತಿದ್ದ. ಆ ವಾದ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಹಿಡಿಸಿದ್ದು ಆಮೇಲಿನದ್ದು. ವಿಷ ಕುಡಿಯುವ ಮೊದಲು ಎದ್ದು ಹೋಗಿ ಸ್ನಾನ ಮಾಡಿ ಬರುತ್ತಾನೆ. ಹೆಣ ತೊಳೆಯುವ ಕೆಲಸ ಹೆಂಗಸರಿಗೆ ಬೇಡ ಅಂತ! ಕೊನೆಯ ಮಾತೂ ರೋಗ ಗುಣ ಮಾಡುವ ಅಸ್ಕ್ಲೀಪಿಯಸ್ ದೇವರಿಗೆ ಬಾಕಿಯಿದ್ದ ಒಂದು ಕೋಳಿಯದ್ದು. (ನಮ್ಮೂರಿನವನಾಗಿದ್ದರೆ ದೈವಕ್ಕೆ ಹೇಳಿಕೊಂಡ ಹರಕೆ ಅನ್ನುತ್ತಿದ್ದ, ಅಲ್ವಾ?)

ಆಮೇಲೆ ಬಂದ ಇನ್ನೊಬ್ಬ ಗ್ರೀಕ್ ತತ್ವಜ್ಞಾನಿ ಎಪಿಕ್ಯೂರಸ್ ಇನ್ನೂ ಸುಲಭ ಮಾಡಿಬಿಟ್ಟ. ನಾವಿರುವಾಗ ಸಾವಿಲ್ಲ, ಸಾವು ಬಂದಾಗ ನಾವಿಲ್ಲ, ಮತ್ತೆ ಹೆದರಿಕೆ ಎಂತದ್ದು? ಸರಿ ಮಾರಾಯ್ರೆ, ಆದರೆ ಅವನ ಕಾಲದಲ್ಲಿ ವೆಂಟಿಲೇಟರ್ ಇರಲಿಲ್ಲ. ಈಗ ಇವೆರಡರ ನಡುವೆ ವಾರಗಟ್ಟಲೆ ಐಸಿಯು ಇದೆ.

ನಮ್ಮ ಉಡುಪಿ ಕಡೆಯ ಹಿರಿಯರು ಸಾವಿನ ಮಾತಿಗೆ ಹೆದರುವವರಲ್ಲ. ಚಿತೆಗೆ ಹಿತ್ತಿಲಿನ ಯಾವ ಮಾವಿನ ಮರ ಕಡಿಯಬೇಕು, ಬೊಜ್ಜದ (ಉತ್ತರಕ್ರಿಯೆಯ) ಊಟಕ್ಕೆ ಪಾಯಸ ಯಾವುದು ಅಂತ ಜಗಲಿಯಲ್ಲಿ ಕೂತು ನಗುತ್ತಾ ಹೇಳುತ್ತಾರೆ. ಸತ್ತ ಮೇಲಿನದ್ದೆಲ್ಲ ತಯಾರು. ಸಾಯುವ ಮುಂಚಿನದ್ದು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಕೊನೆಗೆ ಆಸ್ಪತ್ರೆಯ ವರಾಂಡದಲ್ಲಿ ಡಾಕ್ಟ್ರು ಟ್ಯೂಬ್ ಹಾಕುವುದಾ ಬೇಡವಾ ಅಂತ ಕೇಳುವಾಗ ದುಬೈಯ ಮಗ ಫೋನಿನಲ್ಲಿ “ಖರ್ಚು ಎಷ್ಟಾದರೂ ಆಗಲಿ” ಅನ್ನುತ್ತಾನೆ, ರಾತ್ರಿಯೆಲ್ಲ ಹತ್ತಿರ ಕೂತಿದ್ದ ಮಗಳು ಸುಮ್ನೆ ತಲೆ ತಗ್ಗಿಸುತ್ತಾಳೆ. ಇದರಲ್ಲಿ ಪ್ರೀತಿಗಿಂತ ಊರಿನವರ ಬಾಯಿಗೆ ಹೆದರಿಕೆಯೇ ಜಾಸ್ತಿ ಅಂತ ನನ್ನ ಅಭಿಪ್ರಾಯ. ಬೈದರೆ ಬೈಯಿರಿ.

ಗುಣವಾಗುವ ಆಸೆ ಇಲ್ಲದಾಗ ಟ್ಯೂಬು, ವೆಂಟಿಲೇಟರ್ ಬೇಡ ಅಂತ ಮೊದಲೇ ಬರೆದಿಡುವ ಕಾಗದಕ್ಕೆ ಲಿವಿಂಗ್ ವಿಲ್ ಅನ್ನುತ್ತಾರೆ. ಅದನ್ನು ಬರೆದಿಡಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2018ರಲ್ಲಿ. ಆಗ ಮ್ಯಾಜಿಸ್ಟ್ರೇಟ್ ಸಹಿ ಬೇಕಿತ್ತು, 2023ರಲ್ಲಿ ಅದನ್ನು ಸಡಿಲಿಸಿ ಇಬ್ಬರು ಸಾಕ್ಷಿ, ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು ಅಂತ ಮಾಡಿದರು. ನಮ್ಮ ರಾಜ್ಯ ಸರ್ಕಾರವೂ 2025ರ ಜನವರಿಯಲ್ಲಿ ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ಇಷ್ಟಾದರೂ ಮದುವೆ ಮನೆಯಲ್ಲಿ ಇದರ ಮಾತು ತೆಗೆದು ನೋಡಿ, ನಿಮ್ಮ ಪಕ್ಕದ ಕುರ್ಚಿ ಖಾಲಿ!

ಸಾಕ್ರಟೀಸನ ಸ್ನಾನಕ್ಕೆ ಈಗಿನ ರೂಪ ಈ ಕಾಗದವೇ ಅಂತ ನಾನು ತಿಳಿದಿದ್ದೇನೆ. ನಾನೂ ಬರೆದಿಡುತ್ತೇನೆ ಅಂತ ಮನೆಯಲ್ಲಿ ಹೇಳಿದಾಗ ಹೆಂಡತಿ “ಬಿಡ್ತು ಅನ್ನಿ” ಅಂದಳು. ಮಗಳು ಮಾತ್ರ ಸರಿಯಾದ ಪ್ರಶ್ನೆ ಕೇಳಿದಳು: “ಗುಣ ಆಗುವ ಕಾಯಿಲೆ ಆದರೂ ಬಿಟ್ಟುಬಿಡಬೇಕಾ ಅಪ್ಪ?” ಅಲ್ಲ ಮಗಾ, ಗುಣವಾಗುವ ದಾರಿ ಮುಚ್ಚಿದೆ ಅಂತ ಡಾಕ್ಟರುಗಳ ಬೋರ್ಡು ಹೇಳಿದರೆ ಮಾತ್ರ. ಒಬ್ಬ ಸಾಕ್ಷಿ ಸಿಕ್ಕಿದ್ದಾರೆ. ಇನ್ನೊಬ್ಬರು ಬೇಕು, ಅಣ್ಣನನ್ನು ಕೇಳಿದರೆ ಅಟ್ಟಿಸಿಕೊಂಡು ಬರುತ್ತಾನೆ.