ರಾಜ್ಯಸಭಾ ಇತ್ತಲ್ಲೋ ತಮ್ಮಾ?

ಕಳೆದ ಜೂನ್‌ನಲ್ಲಿ ರಜೆಗೆ ಬಂದಾಗ ಧಾರವಾಡದ ಮಾಳಮಡ್ಡಿಯಲ್ಲಿ ಕಾಕಾನ ಮನೆಯಲ್ಲಿದ್ದೆ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಗಿರ್ಮಿಟ್ಟು, ಮಿರ್ಚಿ, ಚಹಾ. ಕಾಕಾ 1971ರ ಯುದ್ಧಕ್ಕೆ ಹೋಗಿ ಬಂದವರು. ಅವರ ಮಿಲಿಟರಿ ಟ್ರಂಕು ಇನ್ನೂ ಪಡಸಾಲೆಯಲ್ಲೇ ಇದೆ. ಬಿಳಿ ಬಣ್ಣದಲ್ಲಿ ಬರೆದಿದ್ದ ನಂಬರು ಅರ್ಧ ಅಳಿಸಿದೆ, ಉಳಿದರ್ಧ ಮುಚ್ಚುವ ಹಾಗೆ ಕಾಕು ಕಸೂತಿ ಬಟ್ಟೆ ಹಾಸಿ ಮೇಲೆ ಟಿವಿ ಇಟ್ಟಿದ್ದಾರೆ.

ಲಂಡನ್ನಿನಲ್ಲಿ ಹದಿನಾಲ್ಕು ವರ್ಷ ಇದ್ದವನು ಊರಿಗೆ ಬಂದರೆ ಅಲ್ಲಿನದು ಹೇಳದೆ ಇರ್ತಾನಾ? ಅಲ್ಲಿನ ಪಾರ್ಲಿಮೆಂಟು ನೋಡಿ ಬಂದದ್ದನ್ನ ಹೇಳಿದೆ. 1941ರ ಮೇ ತಿಂಗಳಲ್ಲಿ ಜರ್ಮನಿಯವರ ಬಾಂಬಿಗೆ ಕೆಳಮನೆಯ ಸಭಾಂಗಣ ಸುಟ್ಟು ಹೋಯಿತು. ಆಗ ಮೇಲ್ಮನೆಯ ಲಾರ್ಡ್‌ಗಳು ತಮ್ಮ ಕೆಂಪು ಬೆಂಚುಗಳ ಜಾಗ ಕೆಳಮನೆಗೆ ಬಿಟ್ಟುಕೊಟ್ಟು, ರಾಜ ಕಿರೀಟ, ನಿಲುವಂಗಿ ಹಾಕಿಕೊಂಡು ತಯಾರಾಗುವ ಕೋಣೆಯಲ್ಲಿ ತಾವು ಸಭೆ ನಡೆಸಿದರು. ಕೆಳಮನೆ ತನ್ನ ಹೊಸ ಸಭಾಂಗಣಕ್ಕೆ ಮರಳಿದ್ದು 1950ರಲ್ಲಿ.

ಕಾಕಾ ಚಹಾದ ಬಸಿ ಕೆಳಗಿಟ್ಟರು. "ಅಂದ್ರ ಅವರು ಅರಿವಿ ಹಾಕ್ಕೊಳ್ಳೋ ಖೋಲ್ಯಾಗ ಕುಂತು ಯುದ್ಧದ ಮಾತಾಡಿದ್ರು. ನಮ್ಮಲ್ಲಿ ಕಾರ್ಗಿಲ್ ಆದಾಗ ಅಷ್ಟ್ ದೊಡ್ಡ ಸಭಾಗೃಹ ಖಾಲಿ ಇತ್ತು. ಲೋಕಸಭಾ ಇರಲಿಲ್ಲ ಖರೆ, ರಾಜ್ಯಸಭಾ ಇತ್ತಲ್ಲೋ ತಮ್ಮಾ?"

ಈ ಮಾತು ವಾಪಸ್ ವಿಮಾನ ಹತ್ತಿದರೂ ತಲೆಯಿಂದ ಹೋಗಲಿಲ್ಲ.

1999ರ ಏಪ್ರಿಲ್ 17ಕ್ಕೆ ವಾಜಪೇಯಿ ಸರ್ಕಾರ ಒಂದೇ ಒಂದು ಮತದಿಂದ ಬಿತ್ತು. 26ಕ್ಕೆ ಲೋಕಸಭೆ ವಿಸರ್ಜನೆ ಆಯಿತು. ಮೇ ತಿಂಗಳಲ್ಲಿ ಕಾರ್ಗಿಲ್ ಶುರು. ರಾಜ್ಯಸಭೆ ಮಾತ್ರ ಯಾವತ್ತೂ ವಿಸರ್ಜನೆ ಆಗೋದಿಲ್ಲ, ಎರಡು ವರ್ಷಕ್ಕೊಮ್ಮೆ ಮೂರರಲ್ಲಿ ಒಂದು ಭಾಗದಷ್ಟು ಸದಸ್ಯರು ನಿವೃತ್ತರಾಗ್ತಾರೆ, ಮನೆ ಹಾಗೇ ಇರುತ್ತದೆ. ನಮ್ಮ ಕರ್ನಾಟಕದ 12 ಸೀಟೂ ಅದರಲ್ಲೇ ಇವೆ. ಆ ಬೇಸಿಗೆಯಲ್ಲಿ ವಿರೋಧ ಪಕ್ಷದವರು ರಾಜ್ಯಸಭೆ ಕರೆಯಿರಿ ಅಂತ ಕೇಳಿದರು. ಸರ್ಕಾರ ಸರ್ವಪಕ್ಷ ಸಭೆ ಕರೆಯಿತು, ರಾಜ್ಯಸಭೆ ಕರೆಯಲಿಲ್ಲ. 527 ಯೋಧರು ಸತ್ತ ಆ ಯುದ್ಧ ಮುಗಿಯುವವರೆಗೂ ಸಂಸತ್ತಿನ ಯಾವ ಸದನವೂ ಸೇರಲಿಲ್ಲ. ಪ್ರಶ್ನೆಗಳೆಲ್ಲ ಒಂದು ಸಮಿತಿಗೆ ಹೋದವು, ಅದರ ವರದಿ ಸಂಸತ್ತಿನ ಮುಂದೆ ಬಂದದ್ದು 2000ದ ಫೆಬ್ರವರಿಯಲ್ಲಿ.

ಚುನಾವಣೆ ಎದುರಿಗಿತ್ತು, ಸದನ ಸೇರಿದ್ದರೆ ಬರೀ ಭಾಷಣ ಆಗ್ತಿತ್ತು ಅನ್ನೋರಿದ್ದಾರೆ. ಆಗ್ತಿತ್ತು, ಒಪ್ಪಿದೆ. ಆದರೆ ಬೀದಿಯಲ್ಲಿ ಹೇಗೂ ಆ ಭಾಷಣ ನಡೆದೇ ಇತ್ತಲ್ವಾ? ಸದನದಲ್ಲಾದರೆ ಮಂತ್ರಿ ಎದ್ದು ನಿಂತು ಉತ್ತರ ಕೊಡಬೇಕಾಗುತ್ತೆ, ಅಷ್ಟೇ ವ್ಯತ್ಯಾಸ.

ನನಗೆ ಜಾಸ್ತಿ ಬೇಜಾರಾಗೋದು ಯಾಕೆ ಅಂದರೆ, 1962ರಲ್ಲಿ ಚೀನಾ ಯುದ್ಧ ನಡೆದಾಗ ಈಗಲೇ ಸಂಸತ್ತು ಕರೆಯಿರಿ ಅಂತ ನೆಹರು ಹತ್ತಿರ ಪಟ್ಟು ಹಿಡಿದವರಲ್ಲಿ ವಾಜಪೇಯಿ ಒಬ್ಬರು, ಆಗ ಅವರು ರಾಜ್ಯಸಭೆಯ ಸದಸ್ಯರು. ನೆಹರು ಕರೆದರು. ನವೆಂಬರ್ 8ಕ್ಕೆ ಅಧಿವೇಶನ ಶುರು, ಯುದ್ಧ ಇನ್ನೂ ಮುಗಿದಿರಲಿಲ್ಲ. ಗುಟ್ಟಾಗಿ ಸೇರೋಣ ಅನ್ನೋ ಸಲಹೆಯನ್ನೂ ನೆಹರು ಒಪ್ಪಲಿಲ್ಲ. ಲಂಡನ್ನಿನಲ್ಲಿ ಎರಡನೇ ಮಹಾಯುದ್ಧದಾಗ ಗುಟ್ಟಿನ ಅಧಿವೇಶನ ಎಷ್ಟೋ ಸಲ ಆಗಿವೆ, ಆ ವಿಷಯದಲ್ಲಿ ನಾವೇ ವಾಸಿ.

ಇನ್ನೊಂದರಲ್ಲೂ ನಾವು ವಾಸಿ. ಬ್ರಿಟನ್ನಿನಲ್ಲಿ ಪಾರ್ಲಿಮೆಂಟು ವಿಸರ್ಜನೆ ಆದರೆ ಮೇಲ್ಮನೆಯೂ ಸೇರೋ ಹಾಗಿಲ್ಲ. ಹಂಗಾಗಿ ಯುದ್ಧದಲ್ಲಿ ಅವರು ಚುನಾವಣೆಯನ್ನೇ ಮುಂದೂಡಿದರು. 1935ರಲ್ಲಿ ಆರಿಸಿದ ಕೆಳಮನೆ ವರ್ಷ ವರ್ಷ ಕಾನೂನು ಮಾಡಿಕೊಂಡು 1945ರವರೆಗೆ ನಡೆಯಿತು. 1911ರಲ್ಲಿ ಕಾನೂನು ಮಾಡಿ ಲಾರ್ಡ್‌ಗಳ ಅಧಿಕಾರದ ಹಲ್ಲು ಕಿತ್ತಾಗಲೂ ಒಂದು ಹಲ್ಲು ಬಿಟ್ಟಿದ್ದರು: ಪಾರ್ಲಿಮೆಂಟಿನ ಅವಧಿ ಹಿಗ್ಗಿಸೋ ಮಸೂದೆಗೆ ಅವರ ಒಪ್ಪಿಗೆ ಬೇಕೇ ಬೇಕು. ನಮಗೆ ಆ ಕಷ್ಟವೇ ಇಲ್ಲ. ಕೆಳಮನೆ ಇಲ್ಲದಾಗ ಮೇಲ್ಮನೆ ಇರಲಿ ಅಂತ ಸಂವಿಧಾನ ಬರೆದವರು ಮನೆ ಕಟ್ಟಿ ಕೊಟ್ಟಿದ್ದಾರೆ. ನಾವು ಬೀಗ ಹಾಕಿ ಕೂತೆವು.

ಹಾಗಂತ ಲಾರ್ಡ್‌ಗಳನ್ನ ಹೊಗಳೋಕೆ ಹೊರಟಿಲ್ಲ. ಅಪ್ಪ ಲಾರ್ಡ್ ಆಗಿದ್ದ ಅಂತ ಮಗನಿಗೆ 1999ರವರೆಗೂ ತಾನಾಗೇ ಸೀಟು ಸಿಗ್ತಿತ್ತು, ಅದು ಯಾವ ನ್ಯಾಯ? ಕ್ಯಾರಿಂಗ್ಟನ್ ಅನ್ನೋರು 21 ತುಂಬಿದ ಕೂಡಲೇ, 1940ರಲ್ಲಿ, ಮೇಲ್ಮನೆಯಲ್ಲಿ ಕೂತರು. ಸೈನ್ಯದಲ್ಲೂ ಇದ್ದರು, ಟ್ಯಾಂಕಿನಲ್ಲಿ ಹೋಗಿ ಹೋರಾಡಿ ಮಿಲಿಟರಿ ಕ್ರಾಸ್ ಪದಕ ಪಡೆದರು. 1982ರಲ್ಲಿ ಬ್ರಿಟನ್ನಿನ ಕೈಲಿದ್ದ ಫಾಕ್ಲೆಂಡ್ ದ್ವೀಪಗಳನ್ನ ಅರ್ಜೆಂಟೀನಾ ಹಿಡಿದುಕೊಂಡಾಗ ವಿದೇಶಾಂಗ ಮಂತ್ರಿ ಅವರೇ. ಮರುದಿನ ಶನಿವಾರ ಎರಡೂ ಮನೆ ಸೇರಿದವು, ಸೋಮವಾರ ಅವರು ರಾಜೀನಾಮೆ ಕೊಟ್ಟರು. ಇದನ್ನ ನಾನು ಬಹಳ ಭಕ್ತಿಯಿಂದ ಹೇಳಿದೆ. ಕಾಕಾ ಕೇಳಿದ್ದು ಒಂದೇ ಮಾತು: "ಅವರ ಜೋಡಿ ಟ್ಯಾಂಕಿನಾಗಿದ್ದ ಡ್ರೈವರಗ ಯಾವ ಸೀಟು ಸಿಕ್ತು?"

ನಮ್ಮಲ್ಲಿ ಟೆರಿಟೋರಿಯಲ್ ಆರ್ಮಿಯವರನ್ನ, ಅಂದರೆ ಬೇರೆ ಕೆಲಸದ ಜೊತೆಗೆ ಅರೆಕಾಲಿಕ ಸೈನಿಕರಾಗಿರೋರನ್ನ, ಬಿಟ್ಟರೆ ಕೆಲಸದಲ್ಲಿರೋ ಸೈನಿಕ ಸಂಸದನಾಗೋ ಹಾಗಿಲ್ಲ. ಅದೇ ಸರಿ. ಸದಸ್ಯ ಬಂದೂಕು ಹಿಡಿಯೋದು ಬೇಡ, ಬಂದೂಕು ಹಿಡಿದವರ ಪರವಾಗಿ ಪ್ರಶ್ನೆ ಕೇಳಲಿ. ಕೇಳೋಕೆ ಕರೆಯಬೇಕಲ್ಲ!

ಲೋಕಸಭೆ ಇಲ್ಲದಾಗ ತುರ್ತುಪರಿಸ್ಥಿತಿ ಘೋಷಿಸಿದರೆ ತಿಂಗಳೊಳಗೆ ರಾಜ್ಯಸಭೆಯ ಒಪ್ಪಿಗೆ ಬೇಕು ಅಂತ ಸಂವಿಧಾನದಲ್ಲೇ ಇದೆ. ಕಾರ್ಗಿಲ್ ಹೊತ್ತಿನಲ್ಲಿ ಹೊಸದಾಗಿ ಯಾವ ಘೋಷಣೆಯೂ ಆಗಲಿಲ್ಲ, ಹಾಗಾಗಿ ಕರೆಯಲೇಬೇಕು ಅನ್ನೋ ಕಟ್ಟುಪಾಡೂ ಇರಲಿಲ್ಲ. ಘೋಷಣೆ ಇರಲಿ ಬಿಡಲಿ, ಯುದ್ಧ ಶುರುವಾದ ಹದಿನೈದು ದಿನದೊಳಗೆ ರಾಜ್ಯಸಭೆ ಸೇರಲೇಬೇಕು ಅಂತ ಒಂದು ಸಾಲು ಸೇರಿಸಲಿ ಅನ್ನೋದು ನನ್ನ ಅನಿಸಿಕೆ. ಮೊನ್ನೆ ಫೋನಿನಲ್ಲಿ ಕಾಕಾಗೂ ಇದನ್ನೇ ಹೇಳಿದೆ.

"ಹದಿನೈದ್ ದಿನಾ? 1971ರಾಗ ನಾವು ಹದಿಮೂರ್ ದಿನದಾಗ ಮುಗಿಸಿದ್ವಿ. ವಾರ ಅಂತ ಬರಿ."