ಆಂಪಿಯರ್ ಒಂದನ್ನೇ ನೋಡಿದರೆ ಸಾಲದು
ಸಣ್ಣ ವರ್ಕ್‌ಶಾಪಿಗೆ 200 ಆಂಪಿಯರಿನ ಇನ್ವರ್ಟರ್ ವೆಲ್ಡಿಂಗ್ ಯಂತ್ರ ಸಾಕೆಂಬ, ವೆಲ್ಡಿಂಗ್ ಹಾಗೂ ಕಟಿಂಗ್ ಉಪಕರಣಗಳ ಕುರಿತ ಲೇಖನದ ಮಾತು ಸರಿಯೇ ಆದರೂ, ಡ್ಯೂಟಿ ಸೈಕಲ್ (ಅತಿಯಾಗಿ ಬಿಸಿಯಾಗದೆ ಯಂತ್ರ ಎಷ್ಟು ಹೊತ್ತು ಕೆಲಸ ಮಾಡಬಲ್ಲದೆಂಬ ಪ್ರಮಾಣ) ಬಗ್ಗೆ ಅಲ್ಲಿ ಏನನ್ನೂ ಹೇಳದಿರುವುದು ಕೊರತೆಯೆನಿಸಿತು. ಯಂತ್ರದ ಮೇಲೆ 200 ಆಂಪಿಯರಿಗೆ 60% ಎಂದು ಬರೆದಿದ್ದರೆ, ಹತ್ತು ನಿಮಿಷಗಳಲ್ಲಿ ಆರು ನಿಮಿಷ ಮಾತ್ರ ಅಷ್ಟು ಕರೆಂಟಿನಲ್ಲಿ ವೆಲ್ಡಿಂಗ್ ಮಾಡಬಹುದು, ಉಳಿದ ನಾಲ್ಕು ನಿಮಿಷ ಅದು ತಣಿಯಬೇಕು ಎಂದರ್ಥ. ಗೇಟು, ಗ್ರಿಲ್ಲುಗಳಿಗೆ ಬಳಸುವ 3.15 ಮಿ.ಮೀ. ವೆಲ್ಡಿಂಗ್ ರಾಡಿಗೆ ಸುಮಾರು 90ರಿಂದ 130 ಆಂಪಿಯರ್ ಸಾಕಾಗುವುದರಿಂದ ಅಲ್ಲಿ ಈ ಮಿತಿ ಅಷ್ಟಾಗಿ ಕಾಡದು. ಹೆಚ್ಚು ಕರೆಂಟು ಬೇಕಾಗುವ ದಪ್ಪ ಪ್ಲೇಟಿನ ಕೆಲಸದವರಿಗೆ ಖಂಡಿತ ಕಾಡುತ್ತದೆ. ಗ್ಯಾಸ್ ಜ್ವಾಲೆ ಮತ್ತು ಆಮ್ಲಜನಕದಿಂದ ಲೋಹ ಕತ್ತರಿಸುವ ಗ್ಯಾಸ್ ಕಟಿಂಗ್ ಸೆಟ್ಟಿನಿಂದ ಸ್ಟೇನ್‌ಲೆಸ್ ಸ್ಟೀಲನ್ನೂ ಕತ್ತರಿಸಬಹುದೆಂಬ ಲೇಖನದ ಸಲಹೆಯನ್ನಂತೂ ದಯವಿಟ್ಟು ತಿದ್ದಬೇಕು: ಆ ಸ್ಟೀಲಿನಲ್ಲಿರುವ ಕ್ರೋಮಿಯಂ, ಆಮ್ಲಜನಕದೊಡನೆ ಸೇರಿ ಸುಲಭವಾಗಿ ಕರಗದ ಆಕ್ಸೈಡ್ ಪದರವಾಗಿ ಕತ್ತರಿಸುವಿಕೆಯನ್ನೇ ತಡೆಯುತ್ತದೆ. ಅದಕ್ಕೆ, ವಿದ್ಯುತ್ತಿನಿಂದ ಅತಿಯಾಗಿ ಕಾದ ಗಾಳಿಯ ಧಾರೆಯಿಂದ ಕತ್ತರಿಸುವ ಪ್ಲಾಸ್ಮಾ ಕಟರ್ ಸೂಕ್ತ. ಆದರೆ ಅದಕ್ಕೆ ಕಂಪ್ರೆಸರಿನಿಂದ ಬರುವ ಗಾಳಿಯಲ್ಲಿ ತೇವವಿದ್ದರೆ ಕಟರಿನ ನಾಝಲ್ (ಗಾಳಿ ಹೊರಬರುವ ತುದಿ) ಬೇಗ ಹಾಳಾಗುತ್ತದೆ.