ಹೆಸರಿನಿಂದ ಕೆಟ್ಟ ಗುಳಿಗೆ

ರಾತ್ರಿ ಒಂಬತ್ತಕ್ಕೆ ಅವ್ವ ತನ್ನ ಬಿಪಿ ಗುಳಿಗೆ ನುಂಗುವ ಹೊತ್ತಿಗೇ ನಾನೂ ನನ್ನದನ್ನು ನುಂಗುತ್ತೇನೆ. ಈಗ ಎರಡೂ ಒಂದೇ ಸ್ಟೀಲ್ ಡಬ್ಬಿಯಲ್ಲಿರುತ್ತವೆ. ಮೂರು ವರ್ಷಗಳ ಹಿಂದೆ ನನ್ನದು ಬೀರುವಿನಲ್ಲಿ, ಸೀರೆಗಳ ಕೆಳಗೆ ಇರುತ್ತಿತ್ತು. ಲಗ್ನವಾಗದ ಮಗಳ ಬಳಿ ಗರ್ಭನಿರೋಧಕ ಗುಳಿಗೆಯನ್ನು ಯಾರಾದರೂ ಕಂಡರೆ ಏನು ಗತಿ ಎಂಬುದು ಅವ್ವನ ಚಿಂತೆ.

ನನಗಿರುವುದು ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶವು ಅಂಡಾಶಯದ ಮೇಲೆ, ಕಿಬ್ಬೊಟ್ಟೆಯ ಪೊರೆಯ ಮೇಲೆ, ಕೆಲವರಲ್ಲಿ ಕರುಳಿನ ಮೇಲೂ ಬೆಳೆದು, ತಿಂಗಳ ಹಾರ್ಮೋನಿನ ಏರಿಳಿತಕ್ಕೆ ತಾನೂ ಕೆರಳುವ ಕಾಯಿಲೆಯಿದು. ಹೆರುವ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು 10 ಶೇಕಡಾ ಮಂದಿಗೆ ಇದು ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೆ ಕಲಬುರಗಿಯ ನಮ್ಮ ಓಣಿಯಲ್ಲಿ ಇದಕ್ಕೆ ಹೆಸರೇ ಇರಲಿಲ್ಲ. "ಹೊಟ್ಟಿಬ್ಯಾನಿ ಯಾರಿಗಿಲ್ಲ? ಲಗ್ನ ಆಗಿ ಒಂದು ಹಡದ್ರ ಎಲ್ಲಾ ಸರಿ ಹೋಗ್ತದ" ಎಂಬ ಮಾತನ್ನು ಕೇಳುತ್ತ ಒಂಬತ್ತು ವರ್ಷ ಕಳೆದೆ. ಪದವಿ ಪರೀಕ್ಷೆಯೊಂದನ್ನು ಬೆಂಚಿನ ಅಂಚಿಗೆ ಹೊಟ್ಟೆ ಒತ್ತಿಕೊಂಡು, ಎರಡು ಪ್ಯಾಡ್ ಒಟ್ಟಿಗೆ ಇಟ್ಟುಕೊಂಡು ಬರೆದೆ. ಎರಡು ಸಲ ಸ್ಕ್ಯಾನಿಂಗಿನಲ್ಲಿ ಏನೂ ಕಾಣಲಿಲ್ಲ; ಸ್ಕ್ಯಾನಿಂಗ್ ಸರಿಯಿದ್ದರೂ ಈ ಕಾಯಿಲೆ ಇರಬಹುದೆಂದು ಆಗ ನಮಗೆ ಯಾರೂ ಹೇಳಲಿಲ್ಲ. ಮೂರನೆಯ ಸಲ ಚಾಕೊಲೇಟ್ ಸಿಸ್ಟ್, ಅಂದರೆ ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿದ ಗುಳ್ಳೆ, ಕಂಡಿತು.

ವೈದ್ಯೆ ಮೊದಲು ಕೊಟ್ಟದ್ದು ಈಸ್ಟ್ರೊಜನ್ ಮತ್ತು ಪ್ರೊಜೆಸ್ಟಿನ್ ಎಂಬ ಎರಡೂ ಹಾರ್ಮೋನು ಇರುವ ಸಾಮಾನ್ಯ ಗರ್ಭನಿರೋಧಕ ಗುಳಿಗೆ. 21 ದಿನ ನುಂಗಿ ಏಳು ದಿನ ಬಿಡುವ ವಾಡಿಕೆಯನ್ನು ಕೈಬಿಟ್ಟು ಬಿಡುವಿಲ್ಲದೆ ತೆಗೆದುಕೊಳ್ಳಲು ಹೇಳಿದರು. ಮುಟ್ಟೇ ಬರದಿದ್ದರೆ ಮುಟ್ಟಿನ ನೋವಿಗೂ ಎಡೆಯಿಲ್ಲವಲ್ಲ. ನನಗೆ ಕಣ್ಣಮುಂದೆ ಮಿಂಚಾಡಿ ಶುರುವಾಗುವ ಮೈಗ್ರೇನ್ ಇದೆಯೆಂದು ತಿಳಿದ ಕೂಡಲೇ ಅದನ್ನು ನಿಲ್ಲಿಸಿದರು. ಅಂಥವರಿಗೆ ಈಸ್ಟ್ರೊಜನ್‌ನಿಂದ ಪಾರ್ಶ್ವವಾಯುವಿನ ಅಪಾಯ ಹೆಚ್ಚು. ಈಗ ನುಂಗುತ್ತಿರುವುದು ಪ್ರೊಜೆಸ್ಟಿನ್ ಮಾತ್ರವಿರುವ 2 ಮಿಲಿಗ್ರಾಂ ಡಯನೊಜೆಸ್ಟ್. ತಮಾಷೆಯೆಂದರೆ, ಇದನ್ನು ಗರ್ಭನಿರೋಧಕವೆಂದು ನಂಬಲೂಬಾರದು. ಆದರೂ ಮೆಡಿಕಲ್ ಅಂಗಡಿಯ ಹುಡುಗ ಹಳೆಯ ಪೇಪರಿನಲ್ಲಿ ಸುತ್ತಿಯೇ ಕೊಡುತ್ತಾನೆ.

ಮೊದಲ ನಾಲ್ಕು ತಿಂಗಳು ದಿನ ಬಿಟ್ಟು ದಿನ ರಕ್ತದ ಕಲೆ ಕಾಣಿಸಿಕೊಳ್ಳುತ್ತಿತ್ತು, ಕಾರಣವಿಲ್ಲದೆ ಸಿಟ್ಟು ಬರುತ್ತಿತ್ತು. ಅನೇಕರು ಬಿಡುವುದು ಇಲ್ಲಿಯೇ, ನಾನೂ ಬಿಡುವವಳಿದ್ದೆ. ಇದರಿಂದ ಕಾಯಿಲೆ ಬೇರುಸಹಿತ ಹೋಗುವುದಿಲ್ಲ, ನಿಲ್ಲಿಸಿದರೆ ನೋವು ಮರಳಬಹುದು. ಆದರೆ ಗುಳಿಗೆ ನುಂಗಿದರೆ ಬಂಜೆಯಾಗುತ್ತಾರೆಂಬುದು ಸುಳ್ಳು. ಗರ್ಭ ನಿಲ್ಲಲು ತೊಡಕಾಗುವುದು ಈ ಕಾಯಿಲೆಯಿಂದ. ಗುಳಿಗೆ ನಿಲ್ಲಿಸಿದ ಮೇಲೆ ಅಂಡಾಶಯ ತನ್ನ ಕೆಲಸಕ್ಕೆ ಮರಳುತ್ತದೆ.

ಆಶಾ ಕಾರ್ಯಕರ್ತೆಯ ಚೀಲದ ಗರ್ಭನಿರೋಧಕ ಗುಳಿಗೆ ಮಾಲಾ-ಎನ್‌ನಲ್ಲಿರುವುದೂ ಅಂಥವೇ ಎರಡು ಹಾರ್ಮೋನು, ಕೊನೆಯ ಏಳು ಕಬ್ಬಿಣದ ಗುಳಿಗೆ. ಆದರೆ ಅದು ಕುಟುಂಬ ಯೋಜನೆಯದೆಂದೇ ಪರಿಚಿತವಾಗಿರುವುದರಿಂದ ನೋವಿನಲ್ಲಿ ಮುದುಡಿದ ಹದಿನೆಂಟರ ಹುಡುಗಿಗೆ ಹಾರ್ಮೋನಿನ ಗುಳಿಗೆಯೂ ಒಂದು ಔಷಧಿಯೆಂದು ಯಾರಿಗೂ ಹೊಳೆಯುವುದಿಲ್ಲ. ಆ ಹೆಸರಿನ ಮೇಲೇ ನನ್ನ ಸಿಟ್ಟು.

ಕಳೆದ ವಾರ ಜೇವರ್ಗಿಯಿಂದ ಬಂದ ಸೋದರತ್ತೆ ಡಬ್ಬಿ ತೆರೆದು "ಇದ್ಯಾತರ ಗುಳಿಗಿ?" ಎಂದರು. ಅವ್ವ ರೊಟ್ಟಿ ಬಡಿಯುತ್ತಲೇ "ಆಕಿ ಹೊಟ್ಟಿಬ್ಯಾನಿದು" ಎಂದಳು. ತುಸು ಹೊತ್ತಿನ ಬಳಿಕ ಅತ್ತೆ ನನ್ನನ್ನು ಅಂಗಳಕ್ಕೆ ಕರೆದು, ತಮ್ಮ ಮಗಳಿಗಾಗಿ ಹೆಸರು ಬರೆದುಕೊಡೆಂದರು. ಗುಳಿಗೆಯ ಹೆಸರು ಬರೆಯಲಿಲ್ಲ. ಸ್ತ್ರೀರೋಗ ತಜ್ಞೆಯ ವಿಳಾಸ ಬರೆದು, ಕೆಳಗೆ ಬಿಪಿ, ಮೈಗ್ರೇನ್, ಮನೆಯಲ್ಲಿ ಯಾರಿಗಾದರೂ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದು, ಇವನ್ನು ತಪ್ಪದೇ ಹೇಳಬೇಕೆಂದು ಬರೆದುಕೊಟ್ಟೆ.